ಹುಡುಗಿಯರ ಕಪಾಟು ಬೇಡ: ಪುಸ್ತಕ ಆರಿಸುವವರಿಗೆ ಒಂದು ಬಹಿರಂಗ ಪತ್ರ

ಗ್ರಂಥಪಾಲಕರಿಗೆ, ಶಿಕ್ಷಕರಿಗೆ, ಪುಸ್ತಕ ಆಯ್ಕೆ ಸಮಿತಿಗಳ ಸದಸ್ಯರಿಗೆ, ಹದಿಹರೆಯದವರ ಕೈಗೆ ಯಾವ ಕಾದಂಬರಿ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸುವ ಎಲ್ಲರಿಗೆ,

ಮಾನ್ಯರೇ,

ಆಸ್ಟ್ರಿಡ್ ಲಿಂಡ್‌ಗ್ರೆನ್ 1981ರಲ್ಲಿ ಪ್ರಕಟಿಸಿದ ‘ರೋನ್ಯಾ’ ಕಾದಂಬರಿಯಲ್ಲಿ ಮ್ಯಾಟಿಸ್ ಎಂಬ ದರೋಡೆಕೋರರ ನಾಯಕನಿದ್ದಾನೆ. ಮಗಳು ಮೊದಲ ಸಲ ಒಬ್ಬಳೇ ಕಾಡಿಗೆ ಹೊರಡುವಾಗ ಅವನ ಬಾಯಿಂದ ಎಚ್ಚರಿಕೆಗಳು ಒಂದರ ಹಿಂದೆ ಒಂದು ಹೊರಡುತ್ತವೆ. ದಾರಿ ತಪ್ಪಬೇಡ ಎನ್ನುತ್ತಾನೆ. ತಪ್ಪಿದರೆ ಏನು ಮಾಡಬೇಕೆಂದು ಮಗಳು ಕೇಳಿದರೆ, ಸರಿಯಾದ ದಾರಿ ಹುಡುಕಿಕೋ ಎನ್ನುತ್ತಾನೆ. ಹೊಳೆಗೆ ಬೀಳಬೇಡ ಎನ್ನುತ್ತಾನೆ, ಬಿದ್ದರೆ ಈಜಬೇಕು. ಸಿಡಿಲು ಬಡಿದು ಕೋಟೆಯನ್ನೇ ಇಬ್ಭಾಗ ಮಾಡಿದ ಕಂದರವೊಂದಿದೆ. ಅದಕ್ಕೆ ಬಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಮಾತ್ರ ಅವನಲ್ಲಿ ಉಪಾಯವಿಲ್ಲ. ಬಿದ್ದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ರೋನ್ಯಾ ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಹೊಳೆಗೆ ಬೀಳದಂತೆ ಎಚ್ಚರವಾಗಿರುವುದನ್ನು ಕಲಿಯಬೇಕಲ್ಲ? ಅದಕ್ಕಾಗಿ ನೀರು ಭೋರ್ಗರೆಯುವ ಕಡೆಗೇ ಹೋಗಿ, ಜಾರುವ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಾಳೆ. ಹೊಳೆಯಿಂದ ದೂರ ಕುಳಿತರೆ ಹೊಳೆಯ ಎಚ್ಚರ ಬರುವುದು ಹೇಗೆ?

ಈ ಪತ್ರ ಬರೆಯುತ್ತಿರುವುದು ಮ್ಯಾಟಿಸ್‌ನ ಜಾಗದಲ್ಲಿ ನಿಂತಿರುವ ನಿಮಗೆ. ಅವನು ಎಷ್ಟೇ ಗೊಣಗಿದರೂ ಕೊನೆಗೆ ಮಗಳನ್ನು ಹೊರಗೆ ಬಿಡುತ್ತಾನೆ ಎಂಬುದನ್ನು ಮೊದಲಿಗೇ ನೆನಪಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಪುಸ್ತಕ ಆಯ್ಕೆ ಸಭೆಯಲ್ಲಿ ಕುಳಿತಿದ್ದೆ. ಹನ್ನೆರಡರಿಂದ ಹದಿನಾರು ವಯಸ್ಸಿನವರಿಗೆ ಸಾಹಸ ಕಾದಂಬರಿಗಳನ್ನು ಆರಿಸಬೇಕಿತ್ತು. ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲೆಂಡ್’ ಹೆಸರು ಬಂದಾಗ ಯಾರೂ ತಲೆ ಎತ್ತಲಿಲ್ಲ, ಪಟ್ಟಿಗೆ ಸೇರಿತು. ಫಿಲಿಪ್ ಪುಲ್‌ಮನ್ ಅವರ ‘ನಾರ್ದರ್ನ್ ಲೈಟ್ಸ್’ ಬಂದಾಗ ಮಾತ್ರ ಸದಸ್ಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ಹುಡುಗಿ ಲೈರಾ ವಿಪರೀತ ಸುಳ್ಳು ಹೇಳುತ್ತಾಳೆ. ಹೆಣ್ಣುಮಕ್ಕಳಿಗೆ ಇದು ಒಳ್ಳೆಯ ಮಾದರಿಯೇ?” ಎಂದರು. ಉಳಿದವರು ಹೌದೆನ್ನುವಂತೆ ತಲೆಯಾಡಿಸಿದರು. ಪುಸ್ತಕ ಬಿದ್ದುಹೋಯಿತು.

ಆ ದಿನ ನನ್ನ ಬಾಯಿಗೆ ಬಾರದೆ ಹೋದ ಉತ್ತರವನ್ನು ಈಗ ಹೇಳುತ್ತೇನೆ. ‘ಟ್ರೆಷರ್ ಐಲೆಂಡ್’ನ ಜಿಮ್ ಹಾಕಿನ್ಸ್ ಹಿರಿಯರಿಗೆ ಹೇಳದೆ ಕೇಳದೆ ಕಾವಲಿನ ಕೋಟೆಯಿಂದ ನುಸುಳಿ ಹೋಗುತ್ತಾನೆ. ಹಡಗಿನ ಲಂಗರಿನ ಹಗ್ಗ ಕತ್ತರಿಸುತ್ತಾನೆ. ಕಡಲ್ಗಳ್ಳನೊಬ್ಬ ಅವನ ಪಿಸ್ತೂಲಿಗೆ ಬಲಿಯಾಗುತ್ತಾನೆ. ಇದೆಲ್ಲ ‘ಸಾಹಸ’ದ ಲೆಕ್ಕಕ್ಕೆ ಹೋಗುತ್ತದೆ. ಹುಡುಗಿ ತನ್ನನ್ನು ಹಿಡಿಯಲು ಬಂದವರ ಮುಂದೆ ಸುಳ್ಳು ಹೇಳಿ ಪಾರಾದರೆ ಅದು ‘ನಡತೆ’ಯ ಲೆಕ್ಕಕ್ಕೆ. ಒಂದೇ ತಕ್ಕಡಿಗೆ ಎರಡು ತೂಕದ ಕಲ್ಲು.

ಅಂದಹಾಗೆ, ಲೈರಾಳ ಸುಳ್ಳಿನ ಕಥೆ ಮೊದಲ ಪುಸ್ತಕಕ್ಕೆ ಮುಗಿಯುವುದಿಲ್ಲ. 1995ರ ಆ ಕಾದಂಬರಿಯಲ್ಲಿ ಅವಳು ಕವಚ ತೊಟ್ಟ ಕರಡಿಗಳ ರಾಜನನ್ನೇ ಮಾತಿನಲ್ಲಿ ಮರುಳು ಮಾಡಿ, ತನ್ನ ಗೆಳೆಯ ಕರಡಿಯ ಪ್ರಾಣ ಉಳಿಸುತ್ತಾಳೆ. ಆ ಗೆಳೆಯ ಅವಳಿಗೆ ‘ಬೆಳ್ಳಿನಾಲಗೆ’ ಎಂಬ ಬಿರುದನ್ನೇ ಕೊಡುತ್ತಾನೆ. ಮೂರನೆಯ ಸಂಪುಟ ‘ದಿ ಆಂಬರ್ ಸ್ಪೈಗ್ಲಾಸ್’ನಲ್ಲಿ ಸತ್ತವರ ಲೋಕಕ್ಕೆ ಇಳಿದಾಗ ಅದೇ ನಾಲಗೆ ಕೈಕೊಡುತ್ತದೆ. ಅವಳು ಎಂದಿನಂತೆ ಬಣ್ಣದ ಕಥೆ ಹೆಣೆಯಲು ಹೊರಟರೆ, ಅಲ್ಲಿಯ ಕಾವಲಿನ ರೆಕ್ಕೆಯ ರಾಕ್ಷಸಿ ‘ಸುಳ್ಳಿ’ ಎಂದು ಕಿರುಚಿ ಮೈಮೇಲೆ ಎರಗುತ್ತದೆ. ನಿಜವಾಗಿ ಕಂಡದ್ದನ್ನು, ಬದುಕಿದ್ದನ್ನು ಹೇಳಿದಾಗ ಅದೇ ರಾಕ್ಷಸಿಯರು ಸುಮ್ಮನೆ ಕುಳಿತು ಕೇಳುತ್ತಾರೆ. ಸುಳ್ಳಿನ ಬಗ್ಗೆ ಇದಕ್ಕಿಂತ ಗಂಭೀರವಾದ ಪಾಠ ಯಾವ ನೀತಿಕಥೆಯಲ್ಲಿದೆ? ಆದರೆ ಅದು ಕೈಗೆ ಸಿಗಬೇಕಾದರೆ ಸುಳ್ಳು ಹೇಳುವ ಹುಡುಗಿಯ ಜೊತೆ ಸಾವಿರ ಪುಟ ನಡೆಯಬೇಕು. ಸಭೆಯಲ್ಲಿ ಅಷ್ಟು ದೂರ ನಡೆದವರು ಯಾರೂ ಇದ್ದಂತೆ ಕಾಣಲಿಲ್ಲ.

ಇನ್ನೊಂದು ಕಡೆಯ ಅತಿಯೂ ಇದೆ. ‘ದಿಟ್ಟ ನಾಯಕಿ’ ಎಂದು ಬೆನ್ನುಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ಪುಸ್ತಕಗಳು ಈಗ ಬೇಕಾದಷ್ಟಿವೆ. ಮುಖಪುಟದಲ್ಲಿ ಕತ್ತಿ ಇರುತ್ತದೆ, ಗಾಳಿಗೆ ಹಾರುವ ಕೂದಲಿರುತ್ತದೆ. ಒಳಗೆ ಹೋದರೆ ಹುಡುಗಿಗೆ ಹುಟ್ಟಿನಿಂದಲೇ ಎಲ್ಲ ವಿದ್ಯೆಯೂ ಬರುತ್ತದೆ, ಎಲ್ಲರ ಬಾಯಿ ಮುಚ್ಚಿಸುವ ಜವಾಬು ನಾಲಗೆಯ ತುದಿಯಲ್ಲೇ ಇರುತ್ತದೆ, ತಪ್ಪು ಮಾತ್ರ ಒಂದೂ ಆಗುವುದಿಲ್ಲ. ಹಳೆಯ ಕಥೆಗಳ ಸದ್ಗುಣಿ ಹುಡುಗಿಗೆ ಕತ್ತಿ ಕೊಟ್ಟು ನಿಲ್ಲಿಸಿದ್ದಾರೆ, ಅಷ್ಟೇ. ಇವೆರಡೂ ನನಗೆ ಬೇಡ.

ಪುಸ್ತಕ ಕೈಗೆತ್ತಿಕೊಂಡಾಗ ನಾನು ನೋಡುವುದು ಇಷ್ಟು: ಕಥೆ ತಿರುಗುವ ಜಾಗಗಳಲ್ಲಿ ನಿರ್ಧಾರ ಯಾರದು? ಅದು ಅವಳದೇ ಆಗಿದ್ದರೆ, ತಪ್ಪಾಗುವುದಕ್ಕೂ ಅವಳಿಗೆ ಅವಕಾಶವಿದೆಯೇ? ತಪ್ಪಿದ್ದಕ್ಕೆ ಬೆಲೆ ತೆರುತ್ತಾಳೆಯೇ, ಅಥವಾ ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆಯೇ?

ಇದಕ್ಕೆ ನಾನು ಮೊದಲು ತೋರಿಸುವ ಪುಸ್ತಕ ಆವಿ ಎಂಬ ಲೇಖಕರ ‘ದಿ ಟ್ರೂ ಕನ್ಫೆಷನ್ಸ್ ಆಫ್ ಶಾರ್ಲಟ್ ಡಾಯ್ಲ್’ (1990). ಕಾಲ 1832. ಹದಿಮೂರು ವರ್ಷದ ಶಾರ್ಲಟ್ ಲಿವರ್‌ಪೂಲ್‌ನಿಂದ ಅಮೆರಿಕದ ಪ್ರಾವಿಡೆನ್ಸ್‌ಗೆ ‘ಸೀಹಾಕ್’ ಎಂಬ ಹಾಯಿಹಡಗು ಹತ್ತುತ್ತಾಳೆ. ಇಡೀ ಹಡಗಿನಲ್ಲಿ ಅವಳೊಬ್ಬಳೇ ಪ್ರಯಾಣಿಕಳು, ಅವಳೊಬ್ಬಳೇ ಹೆಣ್ಣು. ಅವಳು ಓದಿದ ಶಾಲೆಯ ಹೆಸರಿನಲ್ಲೇ ‘ಉತ್ತಮ ಹುಡುಗಿಯರಿಗಾಗಿ’ ಎಂದಿದೆ. ಲೇಖಕರು ಕಣ್ಣು ಮಿಟುಕಿಸುತ್ತಿರುವುದು ಅಲ್ಲೇ ಗೊತ್ತಾಗುತ್ತದೆ.

ಆ ಉತ್ತಮ ಹುಡುಗಿ ಉತ್ತಮ ಹುಡುಗಿಯರು ಮಾಡುವುದನ್ನೇ ಮಾಡುತ್ತಾಳೆ. ಕಪ್ತಾನ ಜ್ಯಾಗರಿ ಒಳ್ಳೆಯ ಉಡುಪಿನವನು, ನಯವಾಗಿ ಮಾತನಾಡುವವನು, ತನ್ನ ಕೋಣೆಗೆ ಕರೆದು ಚಹಾ ಕೊಡುವವನು; ಥೇಟ್ ಅವಳ ಅಪ್ಪನಂತೆ. ನಾವಿಕರೋ ಕೊಳಕು ಬಟ್ಟೆಯ ಒರಟರು. ಆದ್ದರಿಂದ ಕಪ್ತಾನನೇ ಸಜ್ಜನ ಎಂದು ಅವಳಿಗೆ ಅನುಮಾನವೇ ಇಲ್ಲ. ನಾವಿಕರು ಅವನ ಕ್ರೌರ್ಯದ ವಿರುದ್ಧ ಒಳಗೊಳಗೇ ಒಂದಾಗುತ್ತಿರುವ ಕುರುಹು ಕಣ್ಣಿಗೆ ಬಿದ್ದಾಗ ನೇರವಾಗಿ ಹೋಗಿ ಅವನಿಗೆ ತಿಳಿಸುತ್ತಾಳೆ. ಒಬ್ಬ ಗುಂಡಿಗೆ ಬಲಿಯಾಗುತ್ತಾನೆ. ಅವಳನ್ನು ಅಕ್ಕರೆಯಿಂದ ನೋಡಿಕೊಂಡಿದ್ದ ಮುದಿ ಅಡುಗೆಯವ ಝಕರಾಯನ ಬೆನ್ನಿನ ಮೇಲೆ ಚಾವಟಿ ಬೀಳುತ್ತದೆ. ಆ ಹೊಡೆತದ ಸದ್ದು ಕೇಳುವ ಹೊತ್ತಿಗೆ ಶಾರ್ಲಟ್‌ಗೆ ಅರ್ಥವಾಗುತ್ತದೆ: ಚಾವಟಿ ಎತ್ತಿಕೊಟ್ಟವಳು ತಾನೇ.

ಇಲ್ಲಿಂದ ಮುಂದೆ ಅವಳು ಮಾಡುವುದು ಕ್ಷಮೆ ಕೇಳುವುದಷ್ಟನ್ನೇ ಅಲ್ಲ. ಮೊದಲೇ ಝಕರಾಯ ಹೊಲಿದುಕೊಟ್ಟಿದ್ದ ನಾವಿಕರ ಚಲ್ಲಣ, ಅಂಗಿ ಪೆಟ್ಟಿಗೆಯಲ್ಲಿದೆ. ಅದನ್ನು ತೊಟ್ಟು, ನಿಮ್ಮಲ್ಲೊಬ್ಬಳಾಗಿ ತಾನೂ ದುಡಿಯುತ್ತೇನೆ ಎಂದು ನಾವಿಕರ ಮುಂದೆ ನಿಲ್ಲುತ್ತಾಳೆ. ಅವರು ನಂಬುವುದಾದರೂ ಹೇಗೆ? ಅತಿ ಎತ್ತರದ ಹಾಯಿಕಂಬದ ತುದಿಯ ಅಡ್ಡಮರ ಮುಟ್ಟಿ ಬಾ ಎನ್ನುತ್ತಾರೆ. ಆ ಹತ್ತುವಿಕೆಯನ್ನು ಆವಿ ಪುಟಗಟ್ಟಲೆ ಬರೆದಿದ್ದಾರೆ. ಕೆಳಗಿನಿಂದ ನೋಡಿದಾಗ ನೆಟ್ಟಗೆ ನಿಂತಂತೆ ಕಾಣುವ ಕಂಬ, ಮೇಲೆ ಹೋದಂತೆ ಸಮುದ್ರದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ತೂಗತೊಡಗುತ್ತದೆ. ಏರುವಾಗಿನ ಹೆದರಿಕೆಗಿಂತ ಇಳಿಯುವಾಗಿನದು ದೊಡ್ಡದು, ಏಕೆಂದರೆ ಪಾದ ಇಡುವ ಹಗ್ಗ ಕಾಣಬೇಕಾದರೆ ಕೆಳಗೆ ನೋಡಲೇಬೇಕು. ಆ ಭಾಗ ಓದಿದಾಗಲೆಲ್ಲ ನನ್ನ ಅಂಗೈ ಬೆವರುತ್ತದೆ. ಕಾದಂಬರಿಯ ಕೊನೆಯನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಕೆಲವರು ಈಗಲೇ ಆಕ್ಷೇಪಣಾ ಪತ್ರ ಬರೆಯಲು ಕೂರುತ್ತೀರಿ.

ಎರಡನೆಯದು ಸ್ಕಾಟ್ ಓಡೆಲ್ ಅವರ ‘ಐಲೆಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’. 1960ರಲ್ಲಿ ಬಂದು, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದ ಪುಸ್ತಕ. ಇದರ ಬುಡದಲ್ಲಿ ನಿಜದ ಒಬ್ಬ ಹೆಂಗಸಿದ್ದಾಳೆ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆಯ ಸ್ಯಾನ್ ನಿಕೋಲಸ್ ದ್ವೀಪದಿಂದ 1835ರಲ್ಲಿ ಅಲ್ಲಿಯ ಜನರನ್ನೆಲ್ಲ ಹಡಗಿಗೆ ಹತ್ತಿಸಿಕೊಂಡು ಹೋದರು; ಅವಳೊಬ್ಬಳು ಉಳಿದಳು. 1853ರಲ್ಲಿ ಪತ್ತೆಯಾಗುವವರೆಗೆ ಹದಿನೆಂಟು ವರ್ಷ ಒಬ್ಬಳೇ ಬದುಕಿದಳು. ಹೊರಗೆ ಕರೆತಂದ ಏಳು ವಾರಗಳಲ್ಲಿ ತೀರಿಕೊಂಡಳು. ಅವಳಿಗೆ ಹ್ವಾನಾ ಮರೀಯಾ ಎಂದು ಹೆಸರಿಟ್ಟವರು ಪಾದ್ರಿಗಳು. ಅವಳ ಸ್ವಂತ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಕಾದಂಬರಿಕಾರರು ಅವಳನ್ನು ಕರಾನಾ ಎಂದು ಕರೆದರು.

ಕರಾನಾ ದ್ವೀಪದಲ್ಲಿ ಉಳಿಯುವುದು ತನ್ನದೇ ನಿರ್ಧಾರದಿಂದ. ಹಡಗು ಹೊರಟ ಮೇಲೆ ತಮ್ಮ ದಡದಲ್ಲೇ ಉಳಿದದ್ದು ಕಾಣುತ್ತದೆ, ಅವಳು ಸಮುದ್ರಕ್ಕೆ ಹಾರುತ್ತಾಳೆ. ಹಾಗೆ ಹಾರಿ ಉಳಿಸಿಕೊಂಡ ತಮ್ಮನನ್ನು ಕಾಡುನಾಯಿಗಳು ಕೊಲ್ಲುತ್ತವೆ. ಒಬ್ಬಳೇ ಉಳಿದವಳಿಗೆ ಈಗ ಆಯುಧ ಬೇಕು. ಆದರೆ ಹೆಂಗಸರು ಆಯುಧ ಮಾಡಕೂಡದು ಎಂಬುದು ಅವಳ ಜನರ ಕಟ್ಟಳೆ. ಮಾಡಿದರೆ ನಾಲ್ಕು ದಿಕ್ಕಿನ ಗಾಳಿ ಬಂದು ಉಸಿರು ಕಟ್ಟಿಸುತ್ತದೆಯೇ, ನೆಲ ನಡುಗುತ್ತದೆಯೇ, ಕಡಲು ಉಕ್ಕುತ್ತದೆಯೇ? ಅಥವಾ ಅಪ್ಪ ಹೇಳುತ್ತಿದ್ದಂತೆ, ಪ್ರಾಣಕ್ಕೆ ಬಂದ ಗಳಿಗೆಯಲ್ಲೇ ಆಯುಧ ಕೈಯಲ್ಲಿ ಮುರಿಯುತ್ತದೆಯೇ? ಕಟ್ಟಳೆ ಮಾಡಿದವರು ಯಾರೂ ಈಗ ದ್ವೀಪದಲ್ಲಿಲ್ಲ, ನೋಡುವವರೂ ಇಲ್ಲ. ಆದರೂ ಅವಳ ಕೈ ನಡುಗುತ್ತದೆ. ಹೆದರಿಕೊಂಡೇ ಈಟಿ ಮಾಡುತ್ತಾಳೆ, ಬಿಲ್ಲು ಮಾಡುತ್ತಾಳೆ. ಬಂಡಾಯದ ಭಾಷಣ ಒಂದೂ ಇಲ್ಲ. ಕಟ್ಟಳೆ ಮುರಿಯುವವಳಿಗೆ ಒಳಗೆ ಏನಾಗುತ್ತದೆ ಎಂಬುದನ್ನು ಇಷ್ಟು ಸದ್ದಿಲ್ಲದೆ ಬರೆದ ಪುಟಗಳು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮುಂದಿನದು ಇನ್ನೂ ವಿಚಿತ್ರ. ತಮ್ಮನನ್ನು ಕೊಂದ ನಾಯಿಗಳ ಮುಖಂಡನಿಗೆ ಅವಳ ಬಾಣ ತಗುಲುತ್ತದೆ. ಹುಡುಕಿಕೊಂಡು ಹೋದರೆ ಅದು ಅರೆಜೀವವಾಗಿ ಬಿದ್ದಿದೆ, ಇನ್ನೊಂದು ಬಾಣ ಸಾಕು. ಅವಳು ಆ ಬಾಣ ಬಿಡುವುದಿಲ್ಲ. ಏಕೆಂದು ಅವಳಿಗೇ ಗೊತ್ತಿಲ್ಲ. ಹೊತ್ತು ತಂದು ಸಾಕುತ್ತಾಳೆ, ರೊಂಟು ಎಂದು ಹೆಸರಿಡುತ್ತಾಳೆ. ಹದಿಮೂರು ಹದಿನಾಲ್ಕರ ಓದುಗರು ಇಲ್ಲಿ ಜಗಳಕ್ಕೇ ನಿಲ್ಲುತ್ತಾರೆ: ಕೊಲ್ಲಬೇಕಿತ್ತು, ಕೊಲ್ಲಬಾರದಿತ್ತು. ಜಗಳವಾಡಲಿ ಬಿಡಿ. ದಯವಿಟ್ಟು ‘ಈ ಕಥೆಯಿಂದ ನೀವು ಕಲಿತ ಪಾಠವೇನು’ ಎಂದು ಮಾತ್ರ ಕೇಳಬೇಡಿ.

ಕತ್ತಿ ಹಿಡಿದವರೂ ಬೇಕು ಎನ್ನುವವರಿಗೆ ರಾಬಿನ್ ಮೆಕಿನ್‌ಲಿ ಅವರ ‘ದಿ ಹೀರೋ ಆ್ಯಂಡ್ ದಿ ಕ್ರೌನ್’ (1984). ನಾಯಕಿ ಏರಿನ್ ರಾಜನ ಮಗಳಾದರೂ ಅರಮನೆಯಲ್ಲಿ ಯಾರಿಗೂ ಬೇಡದವಳು. ಹಳೆಯ ಪುಸ್ತಕವೊಂದರಲ್ಲಿ, ಬೆಂಕಿ ತಾಗದಂತೆ ಮೈಗೆ ಹಚ್ಚುವ ಲೇಪದ ಪ್ರಸ್ತಾಪ ಸಿಗುತ್ತದೆ. ಬೇಕಾದ ವಸ್ತುಗಳ ಹೆಸರಿದೆ, ಅಳತೆ ಇಲ್ಲ. ಅವಳು ಇದಿಷ್ಟು, ಅದಿಷ್ಟು ಎಂದು ಕಲಸುತ್ತಾ, ಸುಟ್ಟುಕೊಳ್ಳುತ್ತಾ, ಮತ್ತೆ ಕಲಸುತ್ತಾ ವರ್ಷಗಟ್ಟಲೆ ಕಳೆಯುತ್ತಾಳೆ. ಡ್ರ್ಯಾಗನ್ ಜೊತೆಗಿನ ಕಾಳಗಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ. ಅವಳ ಸವಾರಿಗೆ ಸಿಗುವುದು ಯುದ್ಧದಲ್ಲಿ ಕುಂಟಾಗಿ ಮೂಲೆ ಸೇರಿದ ಅಪ್ಪನ ಹಳೆಯ ಕುದುರೆ. ಮೊದಮೊದಲು ಕೊಲ್ಲುವ ಡ್ರ್ಯಾಗನ್‌ಗಳೂ ಸಣ್ಣವು, ಹೆಗ್ಗಣ ಹಿಡಿದಷ್ಟೇ ಗೌರವದ ಕೆಲಸ. ದೊಡ್ಡದು ಬರುವುದು ಆಮೇಲೆ.

ಇನ್ನೂ ಚಿಕ್ಕ ಓದುಗರಿಗೆ ಟೆರಿ ಪ್ರಾಚೆಟ್ ಅವರ ‘ದಿ ವೀ ಫ್ರೀ ಮೆನ್’ (2003). ಒಂಬತ್ತು ವರ್ಷದ ಟಿಫನಿ ಹೊಳೆಯಲ್ಲಿ ರಾಕ್ಷಸಿಯನ್ನು ಕಾಣುತ್ತಾಳೆ. ಅದರ ಕಣ್ಣುಗಳು ಸೂಪಿನ ತಟ್ಟೆಯಷ್ಟು ಎಂದು ಕಥೆಪುಸ್ತಕದಲ್ಲಿದೆ. ಹಾಗಾದರೆ ಎಷ್ಟು? ಮನೆಯ ತಟ್ಟೆಯನ್ನು ಅಳೆದು ನೋಡುತ್ತಾಳೆ: ಎಂಟು ಇಂಚು. ಆಮೇಲೆ ಬಾಣಲೆ ಹಿಡಿದು, ತಮ್ಮನನ್ನೇ ಗಾಳದ ಎರೆಯಾಗಿಟ್ಟು ರಾಕ್ಷಸಿಗಾಗಿ ಕಾಯುತ್ತಾಳೆ. ಒಳ್ಳೆಯ ಅಕ್ಕ ಹೀಗೆ ಮಾಡುತ್ತಾಳೆಯೇ ಎಂಬ ಪ್ರಶ್ನೆ ಪುಸ್ತಕಕ್ಕೂ ಇದೆ, ಅದು ಕೊನೆಯವರೆಗೂ ಟಿಫನಿಯನ್ನು ಚುಚ್ಚುತ್ತದೆ. ಈ ಸರಣಿಯಲ್ಲಿ ಐದು ಕಾದಂಬರಿಗಳಿವೆ, ಓದುವವರ ಜೊತೆಗೇ ಟಿಫನಿಯೂ ಬೆಳೆಯುತ್ತಾಳೆ. ಕೊನೆಯದು ಲೇಖಕರು ತೀರಿಕೊಂಡ ವರ್ಷವೇ, 2015ರಲ್ಲಿ, ಅವರ ನಿಧನಾನಂತರ ಬಂತು.

ಗಂಡುವೇಷದ ಕಥೆಗಳ ಬಗ್ಗೆ ಒಂದು ಮಾತು. ಟಮೋರಾ ಪಿಯರ್ಸ್ ಅವರ ಅಲಾನಾ (1983) ಅವಳಿ ಸೋದರನ ಜಾಗದಲ್ಲಿ ಹುಡುಗನಂತೆ ಸೇರಿ ಯೋಧೆಯಾಗಲು ಕಲಿಯುತ್ತಾಳೆ. ಅಲ್ಲಿ ವೇಷ ಒಂದು ಕನಸಿನ ದಾರಿ. ಡೆಬೊರಾ ಎಲ್ಲಿಸ್ ಅವರ ‘ದಿ ಬ್ರೆಡ್‌ವಿನ್ನರ್’ (2000) ಕಾದಂಬರಿಯ ಪರ್ವಾನಾಗೆ ಅದು ಹೊಟ್ಟೆಯ ದಾರಿ. ತಾಲಿಬಾನ್ ಆಳ್ವಿಕೆಯ ಕಾಬೂಲ್‌ನಲ್ಲಿ ಅಪ್ಪನನ್ನು ಹಿಡಿದುಕೊಂಡು ಹೋದ ಮೇಲೆ, ಹನ್ನೊಂದರ ಹುಡುಗಿ ಕೂದಲು ಕತ್ತರಿಸಿಕೊಂಡು ಸಂತೆಯಲ್ಲಿ ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕುಳಿತು, ಓದುಬರಹ ಬಾರದವರಿಗೆ ಕಾಗದ ಓದಿ ಹೇಳುತ್ತಾಳೆ. ಒಂದು ದಿನ ಅಂಥ ಕಾಗದ ಕೊಟ್ಟವನು ತಾಲಿಬಾನ್ ಸಿಪಾಯಿ. ಅದು ಅವನ ಸತ್ತ ಹೆಂಡತಿಯದು. ಇವೆರಡನ್ನೂ ಜೊತೆಯಾಗಿ ಕೊಡಿ. ಒಂದನ್ನು ಓದಿದ ಕಣ್ಣಿಗೆ ಇನ್ನೊಂದು ಬೇರೆಯಾಗಿ ಕಾಣುತ್ತದೆ.

‘ದಿ ಹಂಗರ್ ಗೇಮ್ಸ್’ (2008) ಬಗ್ಗೆ ನಾನು ಹೇಳಬೇಕಾದ್ದು ಕಡಿಮೆ, ಅದು ತಾನಾಗಿಯೇ ಮಕ್ಕಳ ಕೈಗೆ ತಲುಪುತ್ತದೆ. ಒಳ್ಳೆಯ ಕಾದಂಬರಿ. ಆದರೆ ಅದರ ನಾಯಕಿ ಕ್ಯಾಟ್ನಿಸ್‌ಳ ಬಿಲ್ಲನ್ನಷ್ಟೇ ನಕಲು ಮಾಡಿದ ಪುಸ್ತಕಗಳ ದಂಡೇ ಹಿಂದೆ ಬಂದಿದೆ. ಮೂರನೆಯ ಸಂಪುಟದಲ್ಲಿ ಗೆದ್ದೂ ಮುರಿದುಹೋದವಳಂತೆ ಉಳಿಯುವ ಕ್ಯಾಟ್ನಿಸ್‌ಳನ್ನು ನಕಲು ಮಾಡುವ ಧೈರ್ಯ ಅವುಗಳಿಗಿಲ್ಲ. ಮೂರನ್ನೂ ತರಿಸುವುದಾದರೆ ಮಾತ್ರ ತರಿಸಿ.

ಹದಿನೈದು ದಾಟಿದವರಿಗೆ ಎಲಿಜಬೆತ್ ವೀನ್ ಅವರ ‘ಕೋಡ್ ನೇಮ್ ವೆರಿಟಿ’ (2012). ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಕೈಗೆ ಸಿಕ್ಕ ಗೂಢಚಾರಿಣಿಯೊಬ್ಬಳು, ವಿಮಾನ ಹಾರಿಸುವ ತನ್ನ ಗೆಳತಿಯ ಕಥೆಯನ್ನು ತಪ್ಪೊಪ್ಪಿಗೆಯ ರೂಪದಲ್ಲಿ ಬರೆಯುತ್ತಾ ಹೋಗುತ್ತಾಳೆ. ಆರಂಭದಲ್ಲೇ ತಾನು ಹೇಡಿ ಎಂದು ಘೋಷಿಸಿಕೊಳ್ಳುತ್ತಾಳೆ. ಅದನ್ನು ನಂಬಬೇಕೋ ಬೇಡವೋ ಎಂಬುದರ ಮೇಲೆಯೇ ಇಡೀ ಕಾದಂಬರಿ ನಿಂತಿದೆ. ಚಿತ್ರಹಿಂಸೆಯ ಪ್ರಸಂಗಗಳಿವೆ, ಆ ಮಾತನ್ನು ಮೊದಲೇ ತಿಳಿಸಿ ಕೊಡಿ, ಆದರೆ ಕೊಡಿ.

ಇನ್ನೊಂದನ್ನು ನಿಯಮ ಮೀರಿ ಸೇರಿಸುತ್ತಿದ್ದೇನೆ. ಜಪಾನಿನ ನಹೊಕೊ ಉಎಹಾಶಿ ಅವರ ‘ಮೊರಿಬಿಟೊ’ ಕಾದಂಬರಿಯ ಬಾಲ್ಸಾ ಹುಡುಗಿಯಲ್ಲ, ಮೂವತ್ತರ ಹೆಂಗಸು. ಈಟಿ ಹಿಡಿದು ಇತರರ ಪ್ರಾಣ ಕಾಯುವುದೇ ಅವಳ ಕಸುಬು. ಸ್ವಂತ ತಂದೆಯೇ ಕೊಲ್ಲಿಸಲು ಹೊರಟ ರಾಜಕುಮಾರನನ್ನು ಕಾಪಾಡುತ್ತಾಳೆ. ತನಗಾಗಿ ಹಿಂದೆ ಎಂಟು ಜೀವ ಹೋಗಿವೆ, ಅದಕ್ಕೆ ಬದಲಾಗಿ ಎಂಟು ಜೀವ ಉಳಿಸಬೇಕೆಂಬುದು ಅವಳ ಲೆಕ್ಕ. 2014ರಲ್ಲಿ ಮಕ್ಕಳ ಸಾಹಿತ್ಯದ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ ಪಡೆದ ಲೇಖಕಿ ಇವರು. ಸಾಹಸ ಹದಿನೆಂಟಕ್ಕೆ ಮುಗಿಯುತ್ತದೆ, ಆಮೇಲೆ ಮದುವೆಯ ಅಧ್ಯಾಯ ಎಂದುಕೊಂಡ ಹುಡುಗಿಯರಿಗೆ ಬಾಲ್ಸಾಳ ಪರಿಚಯ ಇರಲಿ.

ಇನ್ನು ನನ್ನ ಕೋರಿಕೆ. ಈ ಪುಸ್ತಕಗಳನ್ನು ತರಿಸಿದ ಮೇಲೆ ‘ಹುಡುಗಿಯರಿಗಾಗಿ’ ಎಂಬ ಚೀಟಿ ಅಂಟಿಸಿದ ಕಪಾಟಿನಲ್ಲಿ ಇಡಬೇಡಿ. ಸಾಹಸದ ಕಪಾಟಿನಲ್ಲಿ, ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ ಇಡಿ. ನಾನು ನೋಡಿದ ಒಂದು ಓದುವ ಕೋಣೆಯಲ್ಲಿ ಹುಡುಗನೊಬ್ಬ ಶಾರ್ಲಟ್‌ಳ ಕಥೆಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಹೊದಿಸಿಕೊಂಡು ಓದುತ್ತಿದ್ದ. ಮುಖಪುಟದ ಹುಡುಗಿ ಗೆಳೆಯರಿಗೆ ಕಾಣಬಾರದಲ್ಲ! ಮೂರು ದಿನ ಬಿಟ್ಟು ಬಂದು ಅವನು ಕೇಳಿದ್ದು, “ಹಾಯಿಕಂಬ ಹತ್ತುವ ಇನ್ನೊಂದು ಪುಸ್ತಕ ಇದೆಯೇ?” ಎಂದು. ಹುಡುಗಿಯ ಪುಸ್ತಕ, ಹುಡುಗನ ಪುಸ್ತಕ ಎಂಬ ಮಾತೇ ಅವನ ಪ್ರಶ್ನೆಯಲ್ಲಿರಲಿಲ್ಲ. ಆ ಪತ್ರಿಕೆಯ ಹೊದಿಕೆಯನ್ನು ಅವನ ಕೈಗೆ ಕೊಟ್ಟದ್ದು ನಮ್ಮ ಚೀಟಿ.

ಓದಲು ತ್ರಾಣವಿಲ್ಲದವರಿಗೆ, ಇಂಗ್ಲಿಷ್ ತೊಡಕಾಗುವವರಿಗೆ, ದಿನಕ್ಕೊಂದು ಅಧ್ಯಾಯವನ್ನು ನಮ್ಮ ಮಾತಿನಲ್ಲಿ ಹೇಳಿ. ಕರಾನಾ ಬಿಲ್ಲು ಕೈಗೆತ್ತಿಕೊಳ್ಳುವ ಜಾಗದಲ್ಲಿ ನಿಲ್ಲಿಸಿ, ಗಂಟೆ ಬಾರಿಸಲಿ. ಮರುದಿನ ತಡವಾಗಿ ಬರುವವರು ಇರುವುದಿಲ್ಲ. ಮತ್ತು ಪುಸ್ತಕವನ್ನು ನಿರಾಕರಿಸುವ ಮುನ್ನ ಅದನ್ನು ಪೂರ್ತಿ ಓದಿ. ಆಕ್ಷೇಪಣೆ ಬರೆಯುವವರು ಕೊನೆಯ ಅಧ್ಯಾಯದ ಪುಟಸಂಖ್ಯೆಯನ್ನೂ ಬರೆಯಬೇಕೆಂಬ ನಿಯಮ ಮಾಡಿದರೆ ಅರ್ಧ ಸಭೆಗಳು ಬೇಗ ಮುಗಿಯುತ್ತವೆ.

ಇಂತಿ ನಿಮ್ಮ ವಿಶ್ವಾಸಿ,
ಸಭೆಯಲ್ಲಿ ಅಂದು ಸುಮ್ಮನೆ ಕುಳಿತಿದ್ದ ಓದುಗಿ

ಮರೆತಿದ್ದೆ: ‘ಟ್ರೆಷರ್ ಐಲೆಂಡ್’ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಅದು ನನಗೂ ಪ್ರಾಣ. ಅದನ್ನು ಬರೆಯುವಾಗ ಕಥೆಯಲ್ಲಿ ಹೆಂಗಸರು ಬೇಡವೆಂದು ಹೊರಗಿಟ್ಟಿದ್ದಾಗಿ ಸ್ಟೀವನ್‌ಸನ್ ಅವರೇ ಬರೆದುಕೊಂಡಿದ್ದಾರೆ. ಜಿಮ್‌ನ ತಾಯಿಯಂಥ ಒಬ್ಬಿಬ್ಬರು ಹೇಗೋ ಒಳಗೆ ಬಂದಿದ್ದಾರೆ. ಪಕ್ಕದಲ್ಲೇ ಶಾರ್ಲಟ್‌ಳನ್ನು ಇಡಿ. ಎರಡೂ ಹಡಗಿನ ಕಥೆಗಳೇ.